ಆಳಿಲ್ಲದ ಕಡಲಗಾವಲು

ಪೀಣ್ಯದ ಕೈಗಾರಿಕಾ ವಸಾಹತಿನಲ್ಲಿ, ಲೇತು ಯಂತ್ರಗಳ ಸದ್ದಿನ ನಡುವೆ ನಿಂತವನಿಗೆ ಕಡಲಿನ ನೆನಪು ಬರುವುದು ಅಪರೂಪ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಅಲೆಯ ಮೊರೆತ ಇಲ್ಲಿಗೆ ಕೇಳಿಸದು. ಆದರೂ ಕಡಲನ್ನು ಕಾಯುವ ಕಣ್ಣುಗಳಲ್ಲಿ ಕೆಲವು ಈ ಊರಿನಲ್ಲಿಯೇ ರೂಪುಗೊಂಡವು. 2008ರ ನವೆಂಬರಿನಲ್ಲಿ ಭಯೋತ್ಪಾದಕರು ಜಲಮಾರ್ಗವಾಗಿ ಮುಂಬಯಿಗೆ ನುಗ್ಗಿದ ಮೇಲೆ, ದೇಶದ ಕರಾವಳಿಯ ಉದ್ದಕ್ಕೂ ರೇಡಾರುಗಳ ಜಾಲವನ್ನು ಹಬ್ಬಿಸಲಾಯಿತು. ಆ ಹೊಣೆಯನ್ನು ಹೊತ್ತದ್ದು ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ ಕಾರ್ಖಾನೆಯುಳ್ಳ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ.

ಇದಕ್ಕಿಂತಲೂ ಕುತೂಹಲಕರವಾದ ಪ್ರಯೋಗವೊಂದು 2023ರ ಜೂನ್ 16ರಂದು ನಡೆಯಿತು. ಬೆಂಗಳೂರಿನ ರಕ್ಷಣಾ ಪ್ರಯೋಗಾಲಯವೊಂದು ನಿರ್ಮಿಸಿದ 'ತಪಸ್' ಎಂಬ ಚಾಲಕರಹಿತ ವಿಮಾನವು ಚಿತ್ರದುರ್ಗದ ಪರೀಕ್ಷಾ ನೆಲೆಯಿಂದ ಬೆಳಿಗ್ಗೆ ಮೇಲೇರಿತು. ಅಲ್ಲಿಂದ ಕಾರವಾರದ ನೌಕಾನೆಲೆ 285 ಕಿಲೋಮೀಟರ್ ದೂರ. ಆ ನೆಲೆಯಿಂದ 148 ಕಿಲೋಮೀಟರ್ ಆಚೆ, ಕಡಲಿನಲ್ಲಿ 'ಸುಭದ್ರಾ' ನೌಕೆ ಕಾದಿತ್ತು. ವಿಮಾನವು 20,000 ಅಡಿಗಳ ಎತ್ತರದಲ್ಲಿ ಹಾರಿತು. ಮೂರೂವರೆ ಗಂಟೆಗಳ ಪಯಣದಲ್ಲಿ 40 ನಿಮಿಷಗಳ ಕಾಲ ಅದರ ಕಡಿವಾಣವು ನೌಕೆಯವರ ಕೈಯಲ್ಲಿತ್ತು. ಓಬವ್ವ ಕಿಂಡಿಯನ್ನು ಕಾದ ನಾಡಿನಿಂದಲೇ ಕಡಲ ಕಾವಲಿಗೆ ಯಂತ್ರ ಹೊರಟದ್ದು ಸೊಗಸಾದ ಆಕಸ್ಮಿಕ! ಮುಂದೆ, ಸೇನೆ ಬಯಸಿದ 30,000 ಅಡಿ ಎತ್ತರವನ್ನೂ 24 ಗಂಟೆಗಳ ಹಾರಾಟವನ್ನೂ ಮುಟ್ಟಲಾರದೆ ಆ ಯೋಜನೆ ಆದ್ಯತೆಯನ್ನು ಕಳೆದುಕೊಂಡಿತೆಂಬುದು ಬೇರೆ ಮಾತು. ಮಾರ್ಗವಂತೂ ಗೋಚರಿಸಿತು.

ಇಂಥ ಯಂತ್ರಗಳ ಅಗತ್ಯವೇನೆಂದು ಕೇಳುವವರು ಮೀನುಗಾರಿಕೆಯ ಕಾಯಿದೆಗಳನ್ನು ನೋಡಬೇಕು. ಮಳೆಗಾಲದಲ್ಲಿ ಮೀನು ಮರಿಯಿಡುವ ಹೊತ್ತಿಗೆ, ಜೂನ್ 1ರಿಂದ ಜುಲೈ 31ರವರೆಗೆ, ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪ್ರಖರ ದೀಪಗಳನ್ನು ಉರಿಸಿ ಮೀನುಗಳನ್ನು ಸೆಳೆದು ಬಾಚುವ ಪದ್ಧತಿಯನ್ನು ಕೇಂದ್ರ ಸರ್ಕಾರವು 2017ರಲ್ಲಿ ನಿಷೇಧಿಸಿತು. ಆ ದೀಪದ ಸುತ್ತ ಬೆಳೆದ ಮೀನಿನೊಡನೆ ಮರಿಗಳೂ ಬಂದು ಸೇರುತ್ತವೆ. ನಾಡದೋಣಿಯವನ ಬಲೆ ಬರಿದಾಗುತ್ತದೆ. ಆದರೆ 300 ಕಿಲೋಮೀಟರಿಗೂ ಮಿಕ್ಕ ಕರಾವಳಿಯಲ್ಲಿ, ಕಾರಿರುಳಿನಲ್ಲಿ, ಬೆರಳೆಣಿಕೆಯ ಗಸ್ತುದೋಣಿಗಳು ಎಲ್ಲಿಯೆಂದು ಸುತ್ತಾಡಬಲ್ಲವು? ನಿದ್ದೆಯನ್ನೂ ಕಡಲಬೇನೆಯನ್ನೂ ಅರಿಯದ ಯಂತ್ರವೇ ಇಲ್ಲಿ ಒದಗಬೇಕು.

ಆದರೆ ಕಾಣುವುದು ಬೇರೆ, ಹಿಡಿಯುವುದು ಬೇರೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಂತೆ, ಓಡುವ ಹಡಗನ್ನು ಬೆನ್ನಟ್ಟುವ ಮೊದಲು ಅದಕ್ಕೆ ಕಾಣುವಂತೆ ಅಥವಾ ಕೇಳುವಂತೆ 'ನಿಲ್ಲು' ಎಂಬ ಸಂಕೇತವನ್ನು ಕೊಡಬೇಕು. ಬೆನ್ನಟ್ಟುವುದು ಯುದ್ಧನೌಕೆಯೋ ಸೇನಾವಿಮಾನವೋ ಅಲ್ಲವಾದರೆ, ಅದು ಸರ್ಕಾರದ ಸೇವೆಯಲ್ಲಿರುವುದೆಂಬ ಗುರುತು ಸ್ಪಷ್ಟವಾಗಿರಬೇಕು, ಅಧಿಕಾರವೂ ಇರಬೇಕು. ಮೋಡದ ಮರೆಯಲ್ಲಿ ಸುಮ್ಮನೆ ಹಾರುವ ಯಂತ್ರ ಯಾರಿಗೆ ಕೂಗಿ ಹೇಳೀತು? ಎಂಜಿನು ಕೆಟ್ಟು ತೇಲುತ್ತ ಗಡಿ ದಾಟಿದ ಬಡವನೂ, ಬೇಕೆಂದೇ ದಾಟಿದ ಕಳ್ಳನೂ ಮೇಲಿನಿಂದ ಒಂದೇ ಬಗೆಯ ಚುಕ್ಕೆಗಳು. ದೋಣಿಗೆ ಹತ್ತಿ, ಮುಖ ನೋಡಿ, ಮಾತು ಕೇಳಿ ತೀರ್ಮಾನಿಸುವವನು ಮನುಷ್ಯನೇ ಆಗಿರಬೇಕು. ಯಂತ್ರವು ಸಾಕ್ಷಿಯಾಗಲಿ, ನ್ಯಾಯಾಧೀಶನಾಗುವುದು ಬೇಡ.

ಇನ್ನು ಕಾವಲೆಂದರೆ ಬರಿಯ ದಂಡನೆಯೇ? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಎರಡು ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು. ಅದರಲ್ಲಿದ್ದವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ. ದೋಣಿಯ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಿನಲ್ಲಿ. ಯಂತ್ರದ ಕಣ್ಣೊಂದು ಮೇಲಿದ್ದಿದ್ದರೆ ಅವರು ಬದುಕುತ್ತಿದ್ದರೆಂದು ಹೇಳಲಾಗದು. ಆದರೆ ನಾಲ್ಕೂವರೆ ತಿಂಗಳು ದಡದತ್ತ ನೋಡುತ್ತ ಕುಳಿತ ಮನೆಯವರಿಗೆ ಸುದ್ದಿಯಾದರೂ ಬೇಗ ತಲುಪುತ್ತಿತ್ತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಯಂತ್ರಗಳಿಗೆ ಬುದ್ಧಿ ಕಲಿಸುವ ತರುಣರು ಒಮ್ಮೆ ಮಲ್ಪೆಯ ಬಂದರಿಗೆ ಹೋಗಿ, ಕಳ್ಳದೀಪವನ್ನು ಗುರುತಿಸುವ ಕಣ್ಣಿಗೆ ಮುಳುಗುವವನ ಕೈಯನ್ನೂ ಗುರುತಿಸಲು ಹೇಗೆ ಕಲಿಸಬೇಕೆಂದು ಅಲ್ಲಿನ ಮೀನುಗಾರರನ್ನೇ ಕೇಳಬಹುದು.