ಡಕ್ಟಿಗೆ ತೂತು ಕೊರೆಯುವುದೂ ಒಂದು ವಿದ್ಯೆ ಸ್ವಾಮೀ!

ಬೆಂಗಳೂರಿನ ಎಷ್ಟೋ ಐಟಿ ಆಫೀಸುಗಳಲ್ಲಿ ಈಗ ಫಾಲ್ಸ್ ಸೀಲಿಂಗ್ ಇಲ್ಲ. ತಲೆ ಎತ್ತಿದರೆ ದುಂಡಗಿನ ತಗಡಿನ ಡಕ್ಟುಗಳು ಹೆಬ್ಬಾವಿನ ಹಾಗೆ ಮಲಗಿರುತ್ತವೆ. ನೋಡೋಕೇನೋ ಚೆಂದ. ಕೆಳಗೆ ಕೂತವರ ಪಾಡು? ಒಂದು ಸಾಲಿನವರು ಸ್ವೆಟರ್ ಹಾಕಿರುತ್ತಾರೆ, ಇನ್ನೊಂದು ಸಾಲಿನವರು ಬೆವರು ಒರೆಸಿಕೊಳ್ಳುತ್ತಾರೆ. ಬೈಗುಳವೆಲ್ಲ ಎಸಿಗೆ!

ಪಾಪ, ಎಷ್ಟೋ ಸಲ ತಪ್ಪು ಎಸಿಯದಲ್ಲ. ದೊಡ್ಡ ಡಕ್ಟಿನಿಂದ ಸಣ್ಣದು ಕವಲೊಡೆಯುವ ಜಾಗವನ್ನು ಒಮ್ಮೆ ನೋಡಿ. ನೇರ 90 ಡಿಗ್ರಿಗೆ ಒಂದು ಕಾಲರ್, ಸುತ್ತ ಬೂದು ಬಣ್ಣದ ಟೇಪು. ಮುಗೀತು ಕೆಲಸ!

ರಿಂಗ್ ರೋಡಿನಿಂದ ಸರ್ವಿಸ್ ರೋಡಿಗೆ ಇಳಿಯುವ ದಾರಿಯನ್ನು ಯಾರಾದರೂ 90 ಡಿಗ್ರಿಗೆ ಕಟ್ತಾರಾ? (ನಮ್ಮೂರಲ್ಲಿ ಕಟ್ಟಬಹುದು ಬಿಡಿ :) ) ಓಡುವ ಗಾಳಿಯೂ ಹಾಗೆಯೇ, ಗಕ್ಕನೆ ತಿರುಗುವುದಿಲ್ಲ. ಅದಕ್ಕೇ 45 ಡಿಗ್ರಿಯ ಲ್ಯಾಟರಲ್ ಇರುವುದು. ತಣ್ಣನೆ ಗಾಳಿ ಕೊಡುವ ಡಕ್ಟಿನಲ್ಲಿ ಕವಲು ಗಾಳಿ ಹೋಗುವ ಕಡೆಗೇ ವಾಲಿರಬೇಕು. ಅದನ್ನೇ ಉಲ್ಟಾ ಕೂರಿಸಿದರೆ ನೇರ ಕಾಲರಿಗಿಂತಲೂ ಕಡೆ. ಜಾಗ ಸಾಲದೇ? ಬುಡ ಅಗಲವಿರುವ ಕೋನಿಕಲ್ ಟ್ಯಾಪ್ ಹಾಕಿ.

ಕೂರಿಸುವುದರಲ್ಲೂ ಕ್ರಮವಿದೆ. ಫಿಟಿಂಗನ್ನೇ ಡಕ್ಟಿನ ಮೇಲಿಟ್ಟು ಒಳಬಾಯಿಯ ಗುರುತು ಹಾಕಬೇಕು. ಅಷ್ಟೇ ಅಳತೆಗೆ ತಗಡು ಕತ್ತರಿಸಿ, ಅಂಚಿನ ಮುಳ್ಳು ಉಜ್ಜಿ ತೆಗೆಯಬೇಕು. ಸ್ಯಾಡಲ್ ಕೂರಿಸಿ, ಸುತ್ತ ಸ್ಕ್ರೂ ಹೊಡೆದು, ಸಂದಿಗೆಲ್ಲ ಮ್ಯಾಸ್ಟಿಕ್ ಮೆತ್ತಬೇಕು. ತೂತು ಚಿಕ್ಕದಾದರೆ, ಕಾಲರ್ ಒಳಗೆ ತೂರಿಕೊಂಡರೆ, ಅದೇ ಗಾಳಿಗೆ ಅಡ್ಡಗೋಡೆ.

ಟೇಪು ಸಾಕು ಅನ್ನುವವರಿಗೊಂದು ಮಾತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಶೆರ್ಮನ್ ಮತ್ತು ಇಯಾನ್ ವಾಕರ್ 1998ರಲ್ಲೇ ಇದನ್ನು ಪರೀಕ್ಷಿಸಿದ್ದರು. ಬಟ್ಟೆಯ ಡಕ್ಟ್ ಟೇಪು ಸೋತಿತು, ಮ್ಯಾಸ್ಟಿಕ್ ನಿಂತಿತು. ಡಕ್ಟ್ ಟೇಪು ಡಕ್ಟಿಗೇ ಆಗಿಬರುವುದಿಲ್ಲ!

"ಫ್ಯಾನ್ ಸ್ಪೀಡ್ ಜಾಸ್ತಿ ಮಾಡಿದರಾಯಿತು" ಅನ್ನೋ ಜಾಣರೂ ಇದ್ದಾರೆ. ಕೋಡ್ ಸರಿಯಿಲ್ಲದಿದ್ದಾಗ ರ‍್ಯಾಮ್ ಹಾಕುವ ನಮ್ಮ ಬುದ್ಧಿಯೇ ಇದು. ಲೆಕ್ಕ ನೋಡಿ: ಅದೇ ಡಕ್ಟಿನಲ್ಲಿ 20% ಹೆಚ್ಚು ಗಾಳಿ ಬೇಕೆಂದರೆ ಫ್ಯಾನಿಗೆ ಬೇಕಾದ ಪವರ್ 1.2ರ ಘನ, ಅಂದರೆ ಸುಮಾರು 73% ಹೆಚ್ಚು. ಫಿಟಿಂಗಿನಲ್ಲಿ ಉಳಿಸಿದ ದುಡ್ಡನ್ನು ತಿಂಗಳು ತಿಂಗಳೂ ಕರೆಂಟ್ ಬಿಲ್ಲಿಗೆ ಸುರಿಯುವುದು!

ಇಷ್ಟಾದ ಮೇಲೆ ಬೈಸಿಕೊಳ್ಳುವವನು ಯಾರು? ಏಣಿ ಮೇಲೆ ನಿಂತ ಫಿಟ್ಟರ್. ಅವನಿಗೆ ಕೈಕೆಲಸ ಬರುತ್ತದೆ ಮಾರಾಯ್ರೆ. ಡ್ರಾಯಿಂಗಿನಲ್ಲಿ ಬರೀ ಒಂದು ಗೆರೆ ಎಳೆದು, ಕೊಟೇಶನ್ನಿನಲ್ಲಿ ಲ್ಯಾಟರಲ್ ಹೊಡೆದುಹಾಕಿ, "ನಾಳೆ ಉದ್ಘಾಟನೆ, ಬೇಗ ಮುಗಿಸು" ಅಂದರೆ ಅವನಾದರೂ ಏನು ಮಾಡಿಯಾನು? ಡಕ್ಟಿಗೆ ಬಣ್ಣ ಯಾವುದೆಂದು ಮೂರು ಮೀಟಿಂಗ್ ಮಾಡುವವರು ಕವಲಿನ ಬಗ್ಗೆ ಅರ್ಧ ಗಂಟೆ ಕೂರಲಿ. ತಪ್ಪು ಇರುವುದು ಕತ್ತರಿ ಹಿಡಿದವನಲ್ಲಲ್ಲ, ಪೆನ್ನು ಹಿಡಿದವರಲ್ಲಿ.

ನಿಮ್ಮ ಆಫೀಸಿನ ಡಕ್ಟನ್ನು ನಾಳೆ ಒಮ್ಮೆ ತಲೆಯೆತ್ತಿ ನೋಡಿ. ಕವಲು ಎಷ್ಟು ಡಿಗ್ರಿ ಇದೆ, ಹೇಳ್ತೀರಾ?