ಆ ಕೋಣೆಯಲ್ಲಿದ್ದವರು ಆಡಬೇಕಾದ ಮಾತು

1986ರ ಜನವರಿ 28ರ ಬೆಳಿಗ್ಗೆ ಅಮೆರಿಕದ ಯೂಟಾ ರಾಜ್ಯದ ರಾಕೆಟ್ ಕಾರ್ಖಾನೆಯೊಂದರ ಸಭಾಕೊಠಡಿಯಲ್ಲಿ ನೌಕರರು ಕಿಕ್ಕಿರಿದು ಸೇರಿದ್ದರು. ದೂರದ ಫ್ಲಾರಿಡಾದಿಂದ ‘ಚಾಲೆಂಜರ್’ ಗಗನನೌಕೆ ಮೇಲೇರುವುದನ್ನು ಅಲ್ಲಿಯ ಪರದೆಯ ಮೇಲೆ ನೋಡಬಹುದಾಗಿತ್ತು. ರಾಜರ್ ಬೋಜೊಲೆ ಎಂಬ ಎಂಜಿನಿಯರ್‌ಗೆ ಅದನ್ನು ನೋಡುವ ಮನಸ್ಸೇ ಇರಲಿಲ್ಲ. ಕೊಠಡಿಯನ್ನು ದಾಟಿ ಹೋಗುತ್ತಿದ್ದ ಅವರನ್ನು ಒಳಗೆ ಕರೆದವರು ಸಹೋದ್ಯೋಗಿ ಬಾಬ್ ಎಬೆಲಿಂಗ್. ಕುಳಿತುಕೊಳ್ಳಲು ಜಾಗವಿಲ್ಲದೆ ಬೋಜೊಲೆ ನೆಲದ ಮೇಲೆ, ಕುರ್ಚಿಯಲ್ಲಿದ್ದ ಎಬೆಲಿಂಗ್ ಅವರ ಕಾಲಿಗೆ ಒರಗಿ ಕುಳಿತರು. ನೌಕೆ ಉಡಾವಣಾ ಗೋಪುರವನ್ನು ದಾಟಿದಾಗ ಗಂಡಾಂತರ ಕಳೆಯಿತೆಂದು ಇಬ್ಬರೂ ನಿಟ್ಟುಸಿರು ಬಿಟ್ಟರು. 60 ಸೆಕೆಂಡುಗಳಾದಾಗ, ದೇವರಿಗೆ ಕೃತಜ್ಞತೆಯ ಪ್ರಾರ್ಥನೆ ಸಲ್ಲಿಸಿ ಮುಗಿಸಿದೆನೆಂದು ಎಬೆಲಿಂಗ್ ಗೆಳೆಯನಿಗೆ ಪಿಸುಗುಟ್ಟಿದರು. ಅದಾದ 13 ಸೆಕೆಂಡುಗಳಿಗೆ ನೌಕೆ ಆಕಾಶದಲ್ಲಿ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿದಂತೆ ಏಳು ಮಂದಿ ಸತ್ತರು.

ಇದು ನಡೆಯಬಹುದೆಂದು ಆ ಇಬ್ಬರಿಗೂ ಗೊತ್ತಿತ್ತು. ನೌಕೆಯ ಎರಡು ಪಕ್ಕಗಳಲ್ಲಿರುವ ಘನ ಇಂಧನದ ರಾಕೆಟ್‌ಗಳು ತುಂಡುತುಂಡಾಗಿ ತಯಾರಾಗಿ ಅನಂತರ ಜೋಡಣೆಯಾಗುವಂಥವು. ಆ ಜೋಡಣೆಯ ಸಂದುಗಳಿಂದ ಉರಿ ಅನಿಲ ಹೊರನುಗ್ಗದಂತೆ ತಡೆಯುವುದು ‘ಓ-ರಿಂಗ್’ ಎಂಬ ರಬ್ಬರಿನ ಬಳೆ. ಚಳಿಗೆ ಅದು ಬಿರುಸಾಗುತ್ತದೆ, ಸಂದನ್ನು ತುಂಬಲು ತಡಮಾಡುತ್ತದೆ. 1985ರ ಜುಲೈ ಕೊನೆಯಲ್ಲಿಯೇ ಬೋಜೊಲೆ ಈ ಕುರಿತು ಮೇಲಧಿಕಾರಿಗಳಿಗೆ ಬರೆದು, ಸರಿಪಡಿಸದಿದ್ದರೆ ಪ್ರಾಣಹಾನಿಯಾದೀತೆಂದು ಎಚ್ಚರಿಸಿದ್ದರು. ಅದೇ ಅಕ್ಟೋಬರಿನಲ್ಲಿ ಎಬೆಲಿಂಗ್ ಬರೆದ ಟಿಪ್ಪಣಿ ಆರಂಭವಾಗುವುದೇ ಸಹಾಯಕ್ಕಾಗಿ ಮೊರೆಯಿಡುವ ಒಂದೇ ಒಂದು ಶಬ್ದದಿಂದ. ಉಡಾವಣೆಯ ಹಿಂದಿನ ದಿನ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಲಿದೆಯೆಂದು ತಿಳಿದಾಗ, ಫ್ಲಾರಿಡಾದಲ್ಲಿದ್ದ ಹಿರಿಯ ಸಹೋದ್ಯೋಗಿ ಅಲನ್ ಮೆಕ್‌ಡೊನಾಲ್ಡ್ ಅವರಿಗೆ ದೂರವಾಣಿ ಮಾಡಿದವರೂ ಎಬೆಲಿಂಗ್ ಅವರೇ. ಆ ಕರೆಯಿಂದಲೇ ಅಂದು ಸಂಜೆ ನಾಸಾ ಮತ್ತು ಮಾರ್ಟನ್ ಥಯೋಕಾಲ್ ಕಂಪೆನಿಯ ನಡುವೆ ದೂರವಾಣಿ ಸಭೆ ನಡೆಯಿತು.

ಆ ಸಭೆಯ ಕತೆಯನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದಿಗೂ ಪಾಠ ಮಾಡುತ್ತಾರೆ. ಅಲ್ಲಿಯವರೆಗಿನ ಅತಿ ಚಳಿಯ ಉಡಾವಣೆಯ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ಹಾರಿಸಬೇಡಿ ಎಂಬುದು ಎಂಜಿನಿಯರ್‌ಗಳ ವಾದ. ನಾಸಾದ ಅಧಿಕಾರಿ ಜಾರ್ಜ್ ಹಾರ್ಡಿ ಈ ಸಲಹೆಯಿಂದ ದಿಗಿಲಾಗಿದೆ ಎಂದರು. ಕಂಪೆನಿಯವರು ಒಳಗಿಂದೊಳಗೆ ಚರ್ಚಿಸಲು ಸಮಯ ಕೇಳಿದರು. ಆಗಲೇ ಕಂಪೆನಿಯ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ರಾಬರ್ಟ್ ಲಂಡ್ ಅವರಿಗೆ, ಎಂಜಿನಿಯರ್‌ನ ಟೋಪಿಯನ್ನು ಕಳಚಿಟ್ಟು ವ್ಯವಸ್ಥಾಪಕನ ಟೋಪಿಯನ್ನು ಧರಿಸಲು ಮೇಲಿನವರಿಂದ ಸೂಚನೆ ಬಂದದ್ದು. ಎಂಜಿನಿಯರ್‌ಗಳನ್ನು ಕೇಳದೆಯೇ ನಾಲ್ವರು ವ್ಯವಸ್ಥಾಪಕರು ಉಡಾವಣೆಗೆ ಒಪ್ಪಿಗೆಯಿತ್ತರು. ಒಪ್ಪಿಗೆಪತ್ರಕ್ಕೆ ಸಹಿ ಹಾಕಲಾರೆನೆಂದು ಮೆಕ್‌ಡೊನಾಲ್ಡ್ ಫ್ಲಾರಿಡಾದಲ್ಲಿ ಪಟ್ಟುಹಿಡಿದರು; ಸಹಿ ಯೂಟಾದಿಂದ ಬಂತು. ಮರುದಿನ ಉಡಾವಣೆಯ ವೇಳೆಗೆ ಉಷ್ಣತೆ ಸುಮಾರು 2 ಡಿಗ್ರಿ. ನೌಕೆ ಸಿಡಿಯುತ್ತದೆ ಎಂದು ಎಬೆಲಿಂಗ್ ಹಿಂದಿನ ರಾತ್ರಿಯೇ ಹೆಂಡತಿಗೆ ಹೇಳಿದ್ದರು.

ಇಲ್ಲಿಯವರೆಗಿನದು ಬಹಳ ಮಂದಿಗೆ ತಿಳಿದ ವಿಷಯ. ಈ ಲೇಖನದ ಕಾಳಜಿ ಅದರ ಮುಂದಿನ ಮೂವತ್ತು ವರ್ಷಗಳದು. ಸತ್ತ ಏಳು ಜನರ ಮನೆಯವರ ದುಃಖದ ಮುಂದೆ ಎಂಜಿನಿಯರ್ ಒಬ್ಬನ ಸಂಕಟವನ್ನು ತೂಗಿ ನೋಡುವುದು ಸಲ್ಲದು, ಅದು ನನ್ನ ಉದ್ದೇಶವೂ ಅಲ್ಲ. ಆದರೆ ಮನೆಯವರ ದುಃಖಕ್ಕೆ ಸಮಾಜದಲ್ಲಿ ಒಂದು ಸ್ಥಾನವಿದೆ, ಅದನ್ನು ಗೌರವಿಸುವ ರೀತಿರಿವಾಜುಗಳಿವೆ. ಎಚ್ಚರಿಸಿ ಸೋತವನ ಸಂಕಟಕ್ಕೆ ಅಂಥದ್ದೇನೂ ಇಲ್ಲ. ಅವನನ್ನು ಮಾತನಾಡಿಸುವುದು ಹೇಗೆಂಬುದೇ ಯಾರಿಗೂ ತಿಳಿಯದು.

ಬೋಜೊಲೆ ತನಿಖಾ ಆಯೋಗದ ಮುಂದೆ ದಾಖಲೆಗಳ ಸಮೇತ ನಿಜವನ್ನು ಹೇಳಿದರು. ಕಂಪೆನಿಯೇ ಊರಿನ ಅನ್ನದ ಬಟ್ಟಲಾಗಿದ್ದ ಕಡೆ ಅಂಥ ಮಾತಿಗೆ ಬೆಲೆ ತೆರಬೇಕಾಗುತ್ತದೆ. ಸಹೋದ್ಯೋಗಿಗಳು ದೂರವಾದರು. ಈ ಕಂಪೆನಿ ಮುಳುಗಿದರೆ ನನ್ನ ಮಕ್ಕಳನ್ನು ತಂದು ನಿನ್ನ ಮನೆಬಾಗಿಲಲ್ಲಿ ಬಿಡುತ್ತೇನೆ ಎಂದವರೊಬ್ಬರು ಅವರ ಹಳೆಯ ಸ್ನೇಹಿತರೇ. ತಲೆನೋವು, ಖಿನ್ನತೆಗಳಿಂದ ಬಳಲಿ ಅವರು ಕೆಲಸವನ್ನೇ ಬಿಟ್ಟರು. 1988ರಲ್ಲಿ ಅಮೆರಿಕದ ವಿಜ್ಞಾನ ಪ್ರಗತಿ ಸಂಘ ಅವರಿಗೆ ವೈಜ್ಞಾನಿಕ ಸ್ವಾತಂತ್ರ್ಯ ಮತ್ತು ಹೊಣೆಗಾರಿಕೆಯ ಪ್ರಶಸ್ತಿ ನೀಡಿತು. ವಿಶ್ವವಿದ್ಯಾಲಯಗಳು ಉಪನ್ಯಾಸಕ್ಕೆ ಕರೆದವು. ಆದರೂ ಆ ದಿನಗಳನ್ನು ನೆನೆದಾಗ ಅವರು ಹೇಳಿಕೊಳ್ಳುತ್ತಿದ್ದುದು ಒಂದು ಅಪ್ಪುಗೆಯನ್ನು. ಬಾಹ್ಯಾಕಾಶಕ್ಕೆ ಹೋದ ಅಮೆರಿಕದ ಮೊದಲ ಮಹಿಳೆ ಸ್ಯಾಲಿ ರೈಡ್ ಆ ತನಿಖಾ ಆಯೋಗದ ಸದಸ್ಯೆಯಾಗಿದ್ದರು. ಸಾಕ್ಷ್ಯ ಮುಗಿದ ಮೇಲೆ ಆಕೆ ಬಂದು ಅವರನ್ನು ತಬ್ಬಿಕೊಂಡರು. ಹಾಗೆ ಮಾಡಿದವರು ಆಕೆಯೊಬ್ಬರೇ ಎಂದು ಬೋಜೊಲೆ ಎರಡು ವರ್ಷಗಳ ಅನಂತರವೂ ಪತ್ರಕರ್ತರೊಬ್ಬರಿಗೆ ಹೇಳಿದರು. ಆಕೆ ಸ್ವತಃ ಅಂಥ ನೌಕೆಯಲ್ಲಿ ಎರಡು ಬಾರಿ ಕುಳಿತು ಹೋಗಿಬಂದವರು ಎಂಬುದನ್ನು ನೆನೆದರೆ ಆ ಅಪ್ಪುಗೆಯ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

ಎಬೆಲಿಂಗ್ ಸದ್ದಿಲ್ಲದೆ ಬದುಕಿದರು. ದುರಂತದ ಕೆಲವೇ ವಾರಗಳಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊದ ವರದಿಗಾರರಿಗೆ ನಡೆದುದನ್ನು ತಿಳಿಸಿದರಾದರೂ ಹೆಸರು ಹೇಳಬೇಡಿರೆಂದರು. ಬೇಗನೆ ನಿವೃತ್ತರಾದರು. ಯೂಟಾದ ಬೇರ್ ರಿವರ್ ವಲಸೆ ಹಕ್ಕಿಗಳ ಧಾಮ ಗ್ರೇಟ್ ಸಾಲ್ಟ್ ಸರೋವರದ ನೆರೆಗೆ ಸಿಕ್ಕಿ ಹಾಳಾಗಿತ್ತು. ಅದನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಸ್ವಯಂಸೇವಕರಾಗಿ ವರ್ಷಗಟ್ಟಲೆ ದುಡಿದರು. ನೋಡುವವರಿಗೆ, ಮನುಷ್ಯ ಚೇತರಿಸಿಕೊಂಡನೆಂದು ಅನ್ನಿಸಿರಬೇಕು. ಆದರೆ 2016ರ ಜನವರಿಯಲ್ಲಿ, ದುರಂತಕ್ಕೆ ಮೂವತ್ತು ತುಂಬಿದಾಗ, 89 ವರ್ಷದ ಎಬೆಲಿಂಗ್ ಅದೇ ರೇಡಿಯೊದಲ್ಲಿ ಈ ಬಾರಿ ಹೆಸರು ಹೇಳಿಯೇ ಮಾತನಾಡಿದರು. ಆ ಕೆಲಸಕ್ಕೆ ತನ್ನನ್ನು ಆರಿಸಿದ್ದು ದೇವರು ಮಾಡಿದ ತಪ್ಪು, ಮೇಲೆ ಹೋದಾಗ ಸೋತವನೊಬ್ಬನನ್ನು ಯಾಕೆ ಆರಿಸಿದೆಯೆಂದು ಅವನನ್ನೇ ಕೇಳುತ್ತೇನೆ ಎಂದರು. ಹಕ್ಕಿಗಳ ನಡುವೆ ಕಳೆದ ಅಷ್ಟೂ ವರ್ಷಗಳು ಆ ಒಂದು ಸಂಜೆಯನ್ನು ಅಲುಗಿಸಿರಲಿಲ್ಲ.

ಕೇಳಿದವರು ನೂರಾರು ಪತ್ರ ಬರೆದರು. ಎಂಜಿನಿಯರ್‌ಗಳು, ಅಧ್ಯಾಪಕರು, ಏನೂ ಸಂಬಂಧವಿಲ್ಲದ ಸಾಮಾನ್ಯ ಶ್ರೋತೃಗಳು. ನಿಮ್ಮದೇನೂ ತಪ್ಪಿಲ್ಲ, ನೀವು ಮಾಡಬೇಕಾದುದನ್ನು ಮಾಡಿದಿರಿ ಎಂಬುದೇ ಎಲ್ಲರ ಮಾತು. ಮನೆಯಲ್ಲಿ ಅವುಗಳನ್ನು ಅವರಿಗೆ ಓದಿ ಹೇಳಿದರು. ಅವರಿಗೆ ಸಂತೋಷವಾಯಿತು, ಆದರೆ ಭಾರ ಇಳಿಯಲಿಲ್ಲ. ಅವರ ಕೊರಗೇನೆಂದರೆ, ನಾಸಾದಿಂದಾಗಲಿ ಕಂಪೆನಿಯಿಂದಾಗಲಿ, ಅಂದು ಅಲ್ಲಿದ್ದವರಿಂದ ಒಂದು ಮಾತೂ ಬಂದಿಲ್ಲ ಎಂಬುದು.

ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯವೆನಿಸುವುದು ಈ ಕೊರಗು. ಗೆಳೆಯನೊಬ್ಬ ಇಂಥ ಸಂಕಟದಲ್ಲಿರುವಾಗ ‘ನಿನ್ನ ತಪ್ಪಿಲ್ಲ ಬಿಡು’ ಎಂದು ಹೇಳುವುದು ನಮ್ಮ ಸಹಜ ಪ್ರವೃತ್ತಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಹೊರಗಿನವನಿಗೆ ಆ ತೀರ್ಪನ್ನು ಕೊಡುವ ಅಧಿಕಾರವೆಲ್ಲಿಯದು? ಕೇಳುವವನಿಗೂ ಅದು ಗೊತ್ತು. ತನ್ನ ಮೇಲಿನ ಪ್ರೀತಿಗಾಗಿ ಹೇಳಿದ್ದೆಂದು ಅವನು ಆ ಮಾತನ್ನು ಪಕ್ಕಕ್ಕಿಡುತ್ತಾನೆ. ಮೇಲಾಗಿ ಆ ಮಾತು ಬಂದ ಕೂಡಲೇ ಸಂಭಾಷಣೆ ಮುಗಿದುಹೋಗುತ್ತದೆ. ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ‘ಮಾತನಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಆ ಪದದ ರಚನೆಯಲ್ಲಿಯೇ ವಿವೇಕವಿದೆ: ಹೋದವನ ಕೆಲಸ ಮಾತನಾಡುವುದಲ್ಲ, ಮಾತನಾಡಿಸುವುದು. ನಾವಾದರೋ ಹೋಗಿ ವೇದಾಂತ ಹೇಳಿ ಎದ್ದು ಬರುತ್ತೇವೆ.

ಎಬೆಲಿಂಗ್ ಅವರ ಗಂಟು ಸಡಿಲಿಸಿದವರಲ್ಲಿ ಒಬ್ಬರು ಅಲನ್ ಮೆಕ್‌ಡೊನಾಲ್ಡ್. ಸಹಿ ಹಾಕದೆ ಉಳಿದ ಅವರನ್ನು ದುರಂತದ ಬಳಿಕ ಕಂಪೆನಿ ಮೂಲೆಗೆ ತಳ್ಳಿತ್ತು. ಅಮೆರಿಕದ ಸಂಸತ್ ಸದಸ್ಯರು ಮಧ್ಯೆ ಪ್ರವೇಶಿಸಿದ ಮೇಲೆ ಅದೇ ಸಂದುಗಳ ಮರುವಿನ್ಯಾಸದ ಹೊಣೆಯನ್ನೇ ಅವರಿಗೆ ವಹಿಸಲಾಯಿತು. 1988ರ ಸೆಪ್ಟೆಂಬರಿನಲ್ಲಿ ಗಗನನೌಕೆ ಮತ್ತೆ ಹಾರಿದ್ದು ಆ ಹೊಸ ವಿನ್ಯಾಸದೊಂದಿಗೆ. ಮೂವತ್ತು ವರ್ಷಗಳ ಅನಂತರ ಅವರು ಹಳೆಯ ಸಹೋದ್ಯೋಗಿಗೆ ದೂರವಾಣಿ ಮಾಡಿ, ಸೋತವನೆಂದರೆ ಅವಕಾಶವಿದ್ದೂ ಕೈಕಟ್ಟಿ ಕುಳಿತವನು, ಯಾವುದರ ಚಿಂತೆಯೂ ಇಲ್ಲದವನು. ನಿನಗೆ ಚಿಂತೆಯಿಲ್ಲದಿದ್ದರೆ ಆ ದಿನ ನನಗೆ ಕರೆಯನ್ನೇ ಮಾಡುತ್ತಿರಲಿಲ್ಲ ಎಂದರು. ಇದರಲ್ಲಿ ಉಪಚಾರದ ಮಾತಿಲ್ಲ. ಒಂದು ದೂರವಾಣಿ ಕರೆಯ ನೆನಪಿದೆ, ಅಷ್ಟೆ. ಆ ಕರೆಯನ್ನು ಸ್ವೀಕರಿಸಿದ ಮನುಷ್ಯನೇ ಅದನ್ನು ಹೇಳಬೇಕಾಗಿತ್ತು.

ಇನ್ನಿಬ್ಬರು, ಆಶ್ಚರ್ಯವೆಂದರೆ, ಎಂಜಿನಿಯರ್‌ಗಳ ಸಲಹೆಯನ್ನು ಅಂದು ತಳ್ಳಿಹಾಕಿದವರ ಸಾಲಿನವರು: ಟೋಪಿ ಬದಲಿಸಿದ ರಾಬರ್ಟ್ ಲಂಡ್ ಮತ್ತು ನಾಸಾದ ಜಾರ್ಜ್ ಹಾರ್ಡಿ. ಈ ಹೊರೆ ನೀವು ಹೊರಬೇಕಾದುದಲ್ಲ ಎಂದು ಅವರೂ ತಿಳಿಸಿದರು. ಅವರ ಅಂದಿನ ತೀರ್ಮಾನವನ್ನು ಇದರಿಂದ ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸಾವಿರ ಅಪರಿಚಿತರ ಪತ್ರಗಳು ಮಾಡಲಾಗದ ಕೆಲಸವನ್ನು ಅವರ ಎರಡು ಸಾಲುಗಳು ಮಾಡಬಲ್ಲವಾಗಿದ್ದವು. ಏಕೆಂದರೆ ಆ ಹೊರೆ ಯಾರದೆಂದು ಖಚಿತವಾಗಿ ಬಲ್ಲವರು ಅವರೇ. ಅದನ್ನು ಹೇಳಲು ಅವರಿಗೆ ಮೂವತ್ತು ವರ್ಷ ಬೇಕಾಯಿತು ಎಂಬುದಷ್ಟೇ ನನ್ನ ಆಕ್ಷೇಪ. ಮೊಕದ್ದಮೆಗಳ ಭಯ, ಗುತ್ತಿಗೆ ಕೈತಪ್ಪುವ ಭಯ, ಹೆಸರಿಗೆ ಮಸಿ ಹತ್ತುವ ಭಯ, ಇವೆಲ್ಲ ಸೇರಿ ಸಂಸ್ಥೆಗಳನ್ನು ಮೂಕವಾಗಿಸುತ್ತವೆ. ಆ ಮೌನದ ಬೆಲೆಯನ್ನು ತೆರುವವನು ಮಾತ್ರ ಕೆಳಗಿನ ನೌಕರ.

2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿತೆಗೆದುಕೊಂಡ ‘ಕೊಲಂಬಿಯಾ’ ದುರಂತದಲ್ಲಿಯೂ ಇದೇ ಕತೆ. ರೆಕ್ಕೆಗೆ ನೊರೆಯ ತುಂಡು ಬಡಿದುದನ್ನು ಕಂಡ ಎಂಜಿನಿಯರ್‌ಗಳು, ನೌಕೆ ಕಕ್ಷೆಯಲ್ಲಿರುವಾಗಲೇ ಅದರ ಚಿತ್ರ ತೆಗೆಸಿರೆಂದು ಕೇಳಿದರು, ಫಲಿಸಲಿಲ್ಲ. ಒಬ್ಬರು ಬರೆದ ಕಟುವಾದ ಇ-ಮೇಲ್ ಕಳುಹಿಸದೆಯೇ ಉಳಿಯಿತು. ದುರಂತದ ಬಳಿಕ ಅಂಥವರನ್ನು ಲೋಕ ಕೇಳುವ ಪ್ರಶ್ನೆ, ಇನ್ನಷ್ಟು ಗಟ್ಟಿಯಾಗಿ ಯಾಕೆ ಹೇಳಲಿಲ್ಲ ಎಂಬುದು. ಕೇಳಿಸಿಕೊಳ್ಳಬೇಕಾದವರು ಯಾಕೆ ಕೇಳಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆ ವರದಿಯ ಪುಟಗಳಿಗೆ ಸೀಮಿತವಾಗುತ್ತದೆ. ಮೊದಲನೆಯದು ಮನೆಯ ತನಕ ಬರುತ್ತದೆ.

ಇದಕ್ಕೆ ಪ್ರತಿಯಾದ ನಡವಳಿಕೆಯನ್ನು ಹುಡುಕಲು ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ಬಂಗಾಳಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಕಂಪ್ಯೂಟರ್ ತಡೆದಿದ್ದರೂ ಮುಂದುವರಿಯಲು ನಿರ್ಧರಿಸಿದವರೂ ಅವರೇ. ಪತ್ರಿಕಾಗೋಷ್ಠಿಗೆ ಹೋದವರು ಮಾತ್ರ ಇಸ್ರೋ ಅಧ್ಯಕ್ಷ ಸತೀಶ್ ಧವನ್. ಸೋಲು ತಮ್ಮದೆಂದು ಹೊತ್ತುಕೊಂಡರು. 1980ರ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನೇ ಮಾತನಾಡಲು ಕಳುಹಿಸಿದರು. ಕಲಾಂ ಇದನ್ನು ಬದುಕಿನುದ್ದಕ್ಕೂ ಹೇಳಿದರು, ನಾವು ಅದನ್ನು ನಾಯಕತ್ವದ ಪಾಠವೆಂದು ಕೇಳಿ ಚಪ್ಪಾಳೆ ತಟ್ಟಿದೆವು. ಅದು ಗೆಳೆತನದ ಪಾಠವೂ ಹೌದು. ಹೇಳಬೇಕಾದವರು ಹೇಳಬೇಕಾದುದನ್ನು ಅಂದೇ ಹೇಳಿದ್ದರು. ಅಂದು ಪ್ರಾಣಹಾನಿಯಾಗಿರಲಿಲ್ಲವೆಂಬುದು ನಿಜ, ಆಗಿದ್ದರೆ ಏನಾಗುತ್ತಿತ್ತೋ. ಮಾನವ ಬಾಹ್ಯಾಕಾಶ ಯಾನಕ್ಕೆಂದೇ 2019ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವೊಂದನ್ನು ತೆರೆದಿರುವ ನಾವು, ಸಂದುಗಳನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಈ ಪ್ರಶ್ನೆಯನ್ನೂ ಪರೀಕ್ಷಿಸಿಕೊಳ್ಳಬೇಕು: ಬೇಡವೆಂದ ಎಂಜಿನಿಯರ್‌ನ ಹತ್ತಿರ, ಅವನ ಮಾತು ನಿಜವಾದ ದಿನ, ಯಾರು ಹೋಗಿ ಕೂರುತ್ತಾರೆ?

ಹಾಗಾದರೆ ಹೊರಗಿನ ಗೆಳೆಯರಿಗೆ ಕೆಲಸವೇ ಇಲ್ಲವೇ? ಇದೆ. ಎಬೆಲಿಂಗ್ ಅವರ ವಿಷಯದಲ್ಲಿ ಅದನ್ನು ಮಾಡಿದವರು ಮನೆಯವರು ಮತ್ತು 1986ರಿಂದಲೂ ಅವರನ್ನು ಬಲ್ಲ ರೇಡಿಯೊ ವರದಿಗಾರ ಹಾವರ್ಡ್ ಬರ್ಕಿಸ್. ಅವರು ಮುದುಕನ ಮಾತನ್ನು ಅರ್ಧಕ್ಕೆ ತಡೆಯಲಿಲ್ಲ. ಅವರಿಗೆ ಬೇಕಾದದ್ದು ಯಾರ ಮಾತು ಎಂಬುದನ್ನು ಕೇಳಿ ತಿಳಿದುಕೊಂಡರು. ಆ ಕೊರತೆ ಸುದ್ದಿಯಾಗಿ ಹೊರಬಿದ್ದಿತು, ತಲುಪಬೇಕಾದವರನ್ನು ತಲುಪಿತು.

ಫೆಬ್ರುವರಿಯ ಕೊನೆಯಲ್ಲಿ ಎಬೆಲಿಂಗ್ ಅದೇ ರೇಡಿಯೊದ ಶ್ರೋತೃಗಳಿಗೆ, ನನ್ನ ಚಿಂತೆಯ ಮನಸ್ಸಿಗೆ ನೆಮ್ಮದಿ ತಂದಿರಿ, ಎಲ್ಲಕ್ಕೂ ಒಂದು ಕೊನೆ ಇರಬೇಕಲ್ಲವೇ ಎಂದರು. ಮಾರ್ಚಿಯಲ್ಲಿ ತೀರಿಕೊಂಡರು. ಅವರ ಕಾಲಿಗೆ ಒರಗಿ ಕುಳಿತು ಆ ಉಡಾವಣೆಯನ್ನು ನೋಡಿದ ಬೋಜೊಲೆ 2012ರ ಜನವರಿಯಲ್ಲಿಯೇ ಹೋಗಿದ್ದರು. ಆ ಪತ್ರಗಳು ಬರುವ ಹೊತ್ತಿಗೆ ಅವರಿರಲಿಲ್ಲ.