ನಾವಡರ ಪದ್ಯ ಸರಿ, ಮದ್ದಲೆ ಯಾರದ್ದು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೊಸ ಭಾಗವತರೊಬ್ಬರು ಚೆನ್ನಾಗಿ ಹಾಡಿದರೆ ಆಟ ನೋಡಿ ಬಂದವರ ಮೊದಲ ಮಾತು, "ಥೇಟ್ ನಾವಡರು ಮಾರಾಯಾ!" ಹಾಗೆ ಹೇಳುವವರಲ್ಲಿ ನನ್ನ ವಾರಿಗೆಯವರೂ ಇದ್ದಾರೆ. ನಾವೆಲ್ಲ ಹುಟ್ಟಿದ್ದೇ ಕಾಳಿಂಗ ನಾವಡರು ಹೋದಮೇಲೆ!

ಕಡಲ ಬದಿಯ ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದವರು ಅವರು. ನಾರಣಪ್ಪ ಉಪ್ಪೂರರ ಶಿಷ್ಯ, ಸಾಲಿಗ್ರಾಮ ಮೇಳದ ಭಾಗವತ, 'ನಾಗಶ್ರೀ' ಪ್ರಸಂಗ ಬರೆದವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ 32 ತುಂಬಿರಲಿಲ್ಲ. ಬಡಗುತಿಟ್ಟಿಗೆ ಹೊಸ ರಾಗ ತಂದರು ಅಂತ ಹೊಗಳಿದವರೂ ಉಂಟು, ಸಂಪ್ರದಾಯ ಕೆಡಿಸಿದರು ಅಂತ ಬೈದವರೂ ಉಂಟು. ಕ್ಯಾಸೆಟ್ಟುಗಳು ಮಾತ್ರ ಘಟ್ಟ ಹತ್ತಿ ಬಂದು ಅಡಿಕೆ ಸುಲಿಯುವ ಅಂಗಳದಲ್ಲೆಲ್ಲ ಹಾಡಿದವು.

ಈಗ ಅವೇ ಕ್ಯಾಸೆಟ್ಟುಗಳು ಎಂಪಿ3 ಆಗಿ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿವೆ. ನನ್ನ ತಕರಾರು ಇಲ್ಲಿಯೇ. ಫೈಲಿನ ಹೆಸರು ಬರೀ "ನಾವಡ ಪದ್ಯ". ಮದ್ದಲೆ ಯಾರು, ಚಂಡೆ ಯಾರು, ಯಾವ ಊರಿನ ಆಟ, ಯಾವ ವರ್ಷ... ಏನೂ ಇಲ್ಲ.

ಭಾಗವತನೇ ಆಟದ ನಿರ್ದೇಶಕ, ಅವನ ಹೆಸರು ಸಾಕು ಅನ್ನಬಹುದು. ಒಪ್ಪಿದೆ, ಅವನು ಮುಂದೆ. ಆದರೆ ಹಿಮ್ಮೇಳ ಅಂದ್ರೆ ಒಂದು ಬ್ಯಾಂಡೇ ತಾನೆ? ಪದ್ಯದ ಕೊನೆಯಲ್ಲಿ ಮೈ ಜುಂ ಅನ್ನಿಸುವುದು ದನಿಯೊಂದೇ ಅಲ್ಲ, ಅದನ್ನು ಎತ್ತಿ ಹಿಡಿಯುವ ಪೆಟ್ಟೂ ಹೌದು. ಬೀಟಲ್ಸ್ 1970ರಲ್ಲೇ ಒಡೆದುಹೋಯ್ತು. ಆದರೂ ಡ್ರಮ್ ಬಾರಿಸಿದ್ದು ರಿಂಗೋ ಸ್ಟಾರ್ ಅಂತ ಬೆಂಗಳೂರಿನ ಹುಡುಗರೂ ಹೇಳುತ್ತಾರೆ. ನಮ್ಮ ಬಡಗಿನಲ್ಲಿ ಏರು ಮದ್ದಲೆ ತಂದವರು ಹಿರಿಯಡಕ ಗೋಪಾಲ ರಾವ್. ನೂರು ವರ್ಷ ದಾಟಿ ಬದುಕಿ 2020ರಲ್ಲಿ ತೀರಿಕೊಂಡರು. ನಾವಡರ ಅಭಿಮಾನಿಗಳಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು?

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಒಂದು ಸಾಲು ಕೋಡ್ ತಿದ್ದಿದವನ ಹೆಸರೂ ದಾಖಲಾಗಿರುತ್ತೆ. ರಾತ್ರಿಯಿಡೀ ಬಾರಿಸಿದವನಿಗೆ ಅಷ್ಟೂ ಬೇಡವಾ?

ಇದಕ್ಕೆ ಅಕಾಡೆಮಿ, ಅನುದಾನ ಏನೂ ಬೇಕಿಲ್ಲ. ಎರಡು ಪೆಟ್ಟು ಕೇಳಿದರೆ ಸಾಕು, "ಇದು ಇಂಥವರ ಕೈ" ಅನ್ನುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆದರೆ ಅವರಿಗೂ ವಯಸ್ಸಾಗುತ್ತಿದೆ. ಈ ಸಲ ಊರಿಗೆ ಹೋದಾಗ ಅಟ್ಟದ ಕ್ಯಾಸೆಟ್ ಇಳಿಸಿ, ಜಗುಲಿಯಲ್ಲಿ ಕೂತ ಅಜ್ಜನಿಗೆ ಕೇಳಿಸಿ. ಹೇಳಿದ ಹೆಸರನ್ನು ಫೈಲಿನ ಮೇಲೆ ಬರೆದಿಡಿ. ಅಜ್ಜನಿಗೆ ಅನುಮಾನ ಇದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬರೆಯಿರಿ, ಇನ್ನೊಬ್ಬರು ತಿದ್ದುತ್ತಾರೆ.

ನಾವಡರನ್ನು ನಾವು ಹೇಗೂ ಮರೆಯುವುದಿಲ್ಲ ಬಿಡಿ. ಅವರ ಪಕ್ಕ ಕೂತವರನ್ನು ಮರೆಯಲಿಕ್ಕೆ ಇನ್ನೊಂದು ಹತ್ತು ವರ್ಷ ಸಾಕು.